ಆಯುರ್ವೇದ ಎಂ.ಡಿ.ಯಲ್ಲಿ ಕ್ಲಿನಿಕಲ್ ಪ್ರಬಂಧ: ಪ್ರವೇಶದಿಂದ ಸಲ್ಲಿಕೆಯವರೆಗಿನ ಹಂತಗಳು

ಆಯುರ್ವೇದ ಎಂ.ಡಿ. ಅಥವಾ ಎಂ.ಎಸ್. ಸೇರಿದವರು ವರ್ಷ ವರ್ಷವೂ ಒಂದೇ ಜಾಗದಲ್ಲಿ ಎಡವುತ್ತಾರೆ. ರೋಗಿಗಳ ಮೇಲೆ ನಡೆಸಬೇಕಾದ ಸಂಶೋಧನೆ ಎರಡನೇ ವರ್ಷದ ಕೊನೆಗೂ ಅರ್ಧಕ್ಕೆ ನಿಂತಿರುತ್ತದೆ. ಸಿನಾಪ್ಸಿಸ್‌ನಲ್ಲಿ (ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಸಂಶೋಧನಾ ಯೋಜನೆಯ ಸಾರಾಂಶ) ಬರೆದುಕೊಟ್ಟಷ್ಟು ರೋಗಿಗಳು ಸಿಕ್ಕಿರುವುದಿಲ್ಲ, ಔಷಧದ ಮೊದಲ ಬ್ಯಾಚು ಮುಗಿದು ಬೇರೆ ಕಡೆಯಿಂದ ತಂದದ್ದು ನಡೆಯುತ್ತಿರುತ್ತದೆ, ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ತಾಣವಾದ ಸಿಟಿಆರ್‌ಐಗೆ ಹೋದರೆ ಮೊದಲ ರೋಗಿ ಆಗಲೇ ದಾಖಲಾಗಿದ್ದಾರೆಂಬ ಕಾರಣಕ್ಕೆ ಅರ್ಜಿ ವಾಪಸ್ಸಾಗುತ್ತದೆ. ಇವೆಲ್ಲವೂ ಹಂತಗಳ ಕ್ರಮ ತಪ್ಪಿದ್ದರಿಂದ ಆಗುವ ತೊಂದರೆಗಳು. ಮೊದಲ ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವ ಮುನ್ನ ಮುಗಿಯಬೇಕಾದ ಕೆಲಸಗಳು ಯಾವುವು, ಯಾವ ಕ್ರಮದಲ್ಲಿ ಮುಗಿಯಬೇಕು ಎಂಬುದಕ್ಕೇ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಕೊಡಲಾಗಿದೆ.

ಉದಾಹರಣೆಗಳು ಕರ್ನಾಟಕದ ಆಯುರ್ವೇದ ಕಾಲೇಜುಗಳ ವ್ಯವಸ್ಥೆಯನ್ನು ಆಧರಿಸಿವೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವೀಧರರಿಗೆ ಪ್ರವೇಶದ ದಾರಿ ಬೇರೆಯಾದರೂ ಮೂರನೇ ಹಂತದಿಂದ ಮುಂದಿನದೆಲ್ಲ ಬಹುಪಾಲು ಅವರಿಗೂ ಅನ್ವಯಿಸುತ್ತದೆ.

ಕೈಯಲ್ಲಿ ಇರಬೇಕಾದವು

ಆರಂಭಿಸುವ ಮೊದಲು ಐದು ದಾಖಲೆಗಳನ್ನು ಇಳಿಸಿಕೊಂಡು ಮುದ್ರಿಸಿಟ್ಟುಕೊಳ್ಳಿ. ಮಾನವರ ಮೇಲಿನ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಮೊದಲನೆಯದು. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಕ್ಲಿನಿಕಲ್ ಪ್ರಯೋಗಕ್ಕೆ ಆಯುಷ್ ಇಲಾಖೆ 2013ರಲ್ಲಿ ಪ್ರಕಟಿಸಿದ ಜಿಸಿಪಿ (ಉತ್ತಮ ಕ್ಲಿನಿಕಲ್ ಪದ್ಧತಿ) ಮಾರ್ಗಸೂಚಿ ಎರಡನೆಯದು. ಆಯುರ್ವೇದ ಚಿಕಿತ್ಸೆಗಳ ಕ್ಲಿನಿಕಲ್ ಮೌಲ್ಯಮಾಪನ ಕುರಿತು ಕೇಂದ್ರೀಯ ಆಯುರ್ವೇದ ವಿಜ್ಞಾನ ಸಂಶೋಧನಾ ಮಂಡಳಿ (ಸಿಸಿಆರ್‌ಎಎಸ್) 2018ರಲ್ಲಿ ತಂದ ಮಾರ್ಗಸೂಚಿ ಮೂರನೆಯದು. ಪ್ರೋಟೋಕಾಲ್ (ಅಧ್ಯಯನದ ಪೂರ್ಣ ಯೋಜನೆ) ಬರೆಯಲು ಸ್ಪಿರಿಟ್ ಪಟ್ಟಿ, ಫಲಿತಾಂಶ ಬರೆಯಲು ಕನ್ಸಾರ್ಟ್ ಪಟ್ಟಿ ಉಳಿದೆರಡು. ಗಿಡಮೂಲಿಕೆ ಔಷಧಗಳ ಪ್ರಯೋಗಕ್ಕೆಂದೇ 2006ರಲ್ಲಿ ಬಂದ ಕನ್ಸಾರ್ಟ್‌ನ ವಿಸ್ತರಣೆಯೂ ಇದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅದನ್ನು ತೆರೆದು ನೋಡಿದವರು ಕಡಿಮೆ.

ತಂತ್ರಾಂಶಗಳಿಗೆ ಹಣ ಖರ್ಚು ಮಾಡುವ ಅಗತ್ಯವಿಲ್ಲ. ಉಲ್ಲೇಖಗಳನ್ನು ಜೋಡಿಸಿಡಲು ಝೊಟೆರೊ, ಅಂಕಿಅಂಶಕ್ಕೆ ಜಮೋವಿ ಅಥವಾ ಆರ್, ಎರಡೂ ಉಚಿತ. ಐಸಿಎಂಆರ್‌ನ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ಆನ್‌ಲೈನ್ ಸಂಶೋಧನಾ ಕೋರ್ಸುಗಳಲ್ಲಿ ಒಂದನ್ನಾದರೂ ಮೊದಲ ವರ್ಷದಲ್ಲೇ ಮುಗಿಸಿ. ಮೊದಲ ವರ್ಷದ ಪ್ರಿಲಿಮಿನರಿ ಪರೀಕ್ಷೆಯಲ್ಲಿ ಸಂಶೋಧನಾ ವಿಧಾನ ಮತ್ತು ವೈದ್ಯಕೀಯ ಸಂಖ್ಯಾಶಾಸ್ತ್ರದ ಪತ್ರಿಕೆ ಇರುವುದರಿಂದ ಅದು ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಹಂತ 1: ಪ್ರವೇಶ

ಬಿ.ಎ.ಎಂ.ಎಸ್. ಮತ್ತು ಇಂಟರ್ನ್‌ಶಿಪ್ ಮುಗಿಸಿದವರು ಬರೆಯಬೇಕಾದದ್ದು ಅಖಿಲ ಭಾರತ ಆಯುಷ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆ (ಎಐಎಪಿಜಿಇಟಿ). ಆಯುರ್ವೇದ, ಹೋಮಿಯೋಪಥಿ, ಸಿದ್ಧ, ಯುನಾನಿ ನಾಲ್ಕಕ್ಕೂ ಇದೇ ಪರೀಕ್ಷೆ, ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ). 120 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 480. ಅಖಿಲ ಭಾರತ ಕೋಟಾದ ಕೌನ್ಸೆಲಿಂಗ್ ಕೇಂದ್ರದ ಆಯುಷ್ ಕೌನ್ಸೆಲಿಂಗ್ ಸಮಿತಿಯಾದ ಎಎಸಿಸಿಸಿ ಮೂಲಕ ನಡೆದರೆ ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಒಂದು ಕಡೆ ಹೆಸರು ಕೊಟ್ಟರೆ ಇನ್ನೊಂದಕ್ಕೂ ಸೇರುತ್ತದೆ ಎಂದು ನಂಬಿ ಕೆಇಎಯ ಕೊನೆಯ ದಿನಾಂಕ ತಪ್ಪಿಸಿಕೊಂಡವರು ಪ್ರತಿ ಸಲವೂ ಇರುತ್ತಾರೆ. ಇಂಟರ್ನ್‌ಶಿಪ್ ಯಾವ ದಿನಾಂಕದೊಳಗೆ ಮುಗಿದಿರಬೇಕು ಎಂಬುದು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿರುತ್ತದೆ. ಅರ್ಜಿ ಶುಲ್ಕ ಕಟ್ಟುವ ಮುನ್ನ ಅದನ್ನು ನೋಡಿ.

ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗ) ಪದವೀಧರರಿಗೆ ಎಐಎಪಿಜಿಇಟಿ ಅನ್ವಯಿಸುವುದಿಲ್ಲ. 2020ರ ಭಾರತೀಯ ವೈದ್ಯಪದ್ಧತಿ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಪ್ರಕೃತಿ ಚಿಕಿತ್ಸೆ ಬಂದಿಲ್ಲವಾದ್ದರಿಂದ ಅವರು ತಮ್ಮ ವಿಶ್ವವಿದ್ಯಾಲಯ ಮತ್ತು ರಾಜ್ಯ ಸರ್ಕಾರದ ಅಧಿಸೂಚನೆಗಳನ್ನೇ ಅನುಸರಿಸಬೇಕು.

ಹಂತ 2: ವಿಭಾಗ ಮತ್ತು ಗೈಡ್

ಸೀಟು ಆರಿಸಿಕೊಳ್ಳುವಾಗ ಕಾಲೇಜಿನ ಹೆಸರಿಗಿಂತ ಆ ವಿಭಾಗದ ಒಪಿಡಿ ಮುಖ್ಯ. ಸಾಧ್ಯವಾದರೆ ವಾರದ ನಡುವಿನ ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಕೂತು ನೋಡಿ: ನಿಜವಾಗಿ ರೋಗಿಗಳು ಬರುತ್ತಿದ್ದಾರೆಯೇ, ಬಂದವರಲ್ಲಿ ಹೊಸಬರೆಷ್ಟು, ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಅಲ್ಲೇ ಆಗುತ್ತದೆಯೇ ಅಥವಾ ಹೊರಗೆ ಬರೆದುಕೊಡುತ್ತಾರೆಯೇ? ತಪಾಸಣಾ ತಂಡ ಬರುವ ವಾರದಲ್ಲಿ ಮಾತ್ರ ತುಂಬುವ ಒಪಿಡಿಯಲ್ಲಿ ಕ್ಲಿನಿಕಲ್ ಪ್ರಬಂಧ ನಡೆಯುವುದಿಲ್ಲ, ನಡೆದಂತೆ ಬರೆಯಬಹುದು ಅಷ್ಟೇ. ಅಂಥ ಕಡೆ ಸೇರಿದರೆ ಮೂರು ವರ್ಷ ನಿಮ್ಮ ಮೇಲೆ ಯಾವ ಒತ್ತಡ ಬೀಳುತ್ತದೆ ಎಂಬುದನ್ನು ಮೊದಲೇ ಯೋಚಿಸಿ.

ಗೈಡ್ ಹಂಚಿಕೆ ಎಷ್ಟೋ ಕಡೆ ವಿದ್ಯಾರ್ಥಿಯ ಆಯ್ಕೆಯಲ್ಲ. ಆದರೂ ನಿಮ್ಮ ಗೈಡ್ ಈ ಹಿಂದೆ ಮಾರ್ಗದರ್ಶನ ಮಾಡಿದ ಎರಡು ಪ್ರಬಂಧಗಳನ್ನು ಲೈಬ್ರರಿಯಿಂದ ತೆಗೆದು ಓದಿ, ಆ ಸೀನಿಯರ್‌ಗಳ ಜೊತೆ ಮಾತನಾಡಿ. ರೋಗಿಗಳು ಎಷ್ಟು ತಿಂಗಳಲ್ಲಿ ಸಿಕ್ಕರು, ಔಷಧದ ಖರ್ಚು ಯಾರು ಕೊಟ್ಟರು, ಎಥಿಕ್ಸ್ ಕಮಿಟಿಯಲ್ಲಿ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿ) ಎಷ್ಟು ತಿಂಗಳು ಹಿಡಿಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು.

ಹಂತ 3: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸುವುದು

“ಸಂಧಿಗತವಾತದಲ್ಲಿ ಇಂಥ ಗುಗ್ಗುಳುವಿನ ಪರಿಣಾಮ: ಒಂದು ಅಧ್ಯಯನ” ಎಂಬಂಥ ಶೀರ್ಷಿಕೆಯಲ್ಲಿ ಪ್ರಶ್ನೆಯೇ ಇಲ್ಲ. ಯಾವ ರೋಗಿಗಳಲ್ಲಿ, ಯಾವ ಚಿಕಿತ್ಸೆ, ಯಾವುದರ ಜೊತೆ ಹೋಲಿಸಿ, ಯಾವ ಅಳತೆಯಲ್ಲಿ, ಎಷ್ಟು ದಿನಗಳ ನಂತರ ಎಂಬ ಐದೂ ಒಂದೇ ವಾಕ್ಯದಲ್ಲಿ ಬರಬೇಕು. ಮಂಡಿಯ ಮೇಲೆ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಜಾನುಬಸ್ತಿಯ ಬಗ್ಗೆ ಒಂದು ಉದಾಹರಣೆ: “ಎಕ್ಸ್‌ರೇಯಲ್ಲಿ ಕೆಲ್‌ಗ್ರೆನ್–ಲಾರೆನ್ಸ್ 2 ಅಥವಾ 3ನೇ ದರ್ಜೆಯ ಮಂಡಿ ಸವೆತವಿರುವ 40ರಿಂದ 65 ವರ್ಷದವರಲ್ಲಿ, ಕಷಾಯದ ಜೊತೆ ಜಾನುಬಸ್ತಿ ಮಾಡಿದವರಿಗೂ ಕಷಾಯ ಮಾತ್ರ ಕೊಟ್ಟವರಿಗೂ 60ನೇ ದಿನ ನೋವಿನ ಅಳತೆಯಲ್ಲಿ ವ್ಯತ್ಯಾಸವಿದೆಯೇ?” ಇಷ್ಟು ಬರೆಯಲು ಬಂದರೆ ಸಿನಾಪ್ಸಿಸ್‌ನ ಅರ್ಧ ಮುಗಿಯಿತು.

ಇಲ್ಲಿ ಬಹಳ ಸಲ ಕಾಣುವ ತಪ್ಪು ಹೋಲಿಕೆಯ ಗುಂಪಿಗೆ ಸಂಬಂಧಿಸಿದ್ದು. ಹಿಂದೆ ಯಾರೂ ಸರಿಯಾಗಿ ಪರೀಕ್ಷಿಸಿರದ ಎರಡು ಯೋಗಗಳನ್ನು (ಔಷಧ ಮಿಶ್ರಣಗಳನ್ನು) ಎರಡು ಗುಂಪಿಗೆ ಕೊಟ್ಟು, ಎರಡರಲ್ಲೂ ಗುಣ ಕಂಡಿತು ಎಂದು ಬರೆದರೆ ಏನೂ ಸಾಬೀತಾಗುವುದಿಲ್ಲ. ಮಂಡಿನೋವು, ಅಮ್ಲಪಿತ್ತ, ತಲೆನೋವುಗಳಂಥ ಏರಿಳಿತವಿರುವ ರೋಗಗಳಲ್ಲಿ ಜನ ಆಸ್ಪತ್ರೆಗೆ ಬರುವುದೇ ನೋವು ಹೆಚ್ಚಿದಾಗ. ಎರಡು ತಿಂಗಳ ಬಳಿಕ ಅಳೆದರೆ ಔಷಧ ಕೊಡದಿದ್ದರೂ ಸರಾಸರಿ ಸ್ವಲ್ಪ ಇಳಿದಿರುತ್ತದೆ. ಹೋಲಿಕೆಯ ಗುಂಪಿಗೆ ಏನು ಕೊಟ್ಟರೆ ಏನು ಗೊತ್ತಾಗುತ್ತದೆ ಎನ್ನಲು ಬಾರದವರು ಈ ಹಂತ ದಾಟಬಾರದು.

ಆಧಾರ ಹುಡುಕಲು ಪಬ್‌ಮೆಡ್, ಆಯುಷ್ ರಿಸರ್ಚ್ ಪೋರ್ಟಲ್ ಮತ್ತು ಸಿಟಿಆರ್‌ಐ ತಾಣ ಮೂರನ್ನೂ ನೋಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವವರಿಗೆ ಹೆಲಿನೆಟ್ ಡಿಜಿಟಲ್ ಲೈಬ್ರರಿ ಇದೆ. ಸಿಟಿಆರ್‌ಐಯಲ್ಲಿ ಹುಡುಕಿದರೆ ನಿಮ್ಮದೇ ಪ್ರಶ್ನೆಯನ್ನು ಬೇರೆ ಕಾಲೇಜಿನವರು ಈಗಾಗಲೇ ಕೈಗೆತ್ತಿಕೊಂಡಿದ್ದಾರೆಯೇ ಎಂಬುದೂ ತಿಳಿಯುತ್ತದೆ.

ಹಂತ 4: ರೋಗಿಗಳ ಲೆಕ್ಕ

ಗುಂಪಿಗೆ 15 ಅಥವಾ 20 ಜನ ಎಂದು ಬರೆಯುವ ರೂಢಿ ನಮ್ಮಲ್ಲಿ ಬೇರೂರಿದೆ. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಹಿಂದಿನ ಬ್ಯಾಚಿನ ಪ್ರಬಂಧದತ್ತ ಕೈ ತೋರಿಸುತ್ತಾರೆ. ಸರಿಯಾದ ಲೆಕ್ಕ ಕಷ್ಟದ್ದೇನಲ್ಲ, ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ.

ಎರಡು ಗುಂಪಿನ ಸರಾಸರಿಗಳನ್ನು ಹೋಲಿಸುವಾಗ, ಶೇ. 5ರ ಮಹತ್ವದ ಮಟ್ಟಕ್ಕೆ 1.96, ಶೇ. 80ರ ಪವರ್‌ಗೆ (ನಿಜವಾಗಿ ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ) 0.84, ಕೂಡಿಸಿದರೆ 2.8, ವರ್ಗ ಮಾಡಿದರೆ 7.84, ಎರಡರಿಂದ ಗುಣಿಸಿದರೆ 15.68. ಇದನ್ನು ಸ್ಟ್ಯಾಂಡರ್ಡ್ ಡಿವಿಯೇಶನ್‌ನ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) ವರ್ಗದಿಂದ ಗುಣಿಸಿ, ನೀವು ಹಿಡಿಯಬಯಸುವ ವ್ಯತ್ಯಾಸದ ವರ್ಗದಿಂದ ಭಾಗಿಸಿದರೆ ಒಂದು ಗುಂಪಿಗೆ ಬೇಕಾದ ಜನರ ಸಂಖ್ಯೆ ಸಿಗುತ್ತದೆ. 100 ಮಿಲಿಮೀಟರ್ ನೋವಿನ ಗೆರೆಯ ಮೇಲೆ ಸ್ಟ್ಯಾಂಡರ್ಡ್ ಡಿವಿಯೇಶನ್ 25, ರೋಗಿಗೆ ಅರ್ಥಪೂರ್ಣವೆನಿಸುವ ವ್ಯತ್ಯಾಸ 15 ಎಂದಿಟ್ಟುಕೊಂಡರೆ, 15.68 × 625 ÷ 225 = 43.6, ಅಂದರೆ 44 ಜನ. ಐದರಲ್ಲೊಬ್ಬರು ನಡುವೆ ಬಿಟ್ಟುಹೋಗಬಹುದಾದರೆ 44ನ್ನು 0.8ರಿಂದ ಭಾಗಿಸಬೇಕು: 55. ಇದರ ಬದಲು 44ಕ್ಕೆ ಶೇ. 20 ಸೇರಿಸಿ 53 ಎಂದು ಬರೆಯುವುದು ಸಾಮಾನ್ಯ ತಪ್ಪು. 53ರಲ್ಲಿ ಐದನೇ ಒಂದು ಭಾಗ ಹೋದರೆ 44 ಉಳಿಯುವುದಿಲ್ಲ. ಎರಡು ಗುಂಪಿಗೆ 110 ಜನ ಬೇಕಾಯಿತು. ಅದೇ ಲೆಕ್ಕವನ್ನು ತಿರುಗಿಸಿದರೆ, ಗುಂಪಿಗೆ 15 ಜನರಿದ್ದಾಗ ಸುಮಾರು 26 ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸವನ್ನು ಆ ಅಧ್ಯಯನ ಅಷ್ಟೇ ಭರವಸೆಯಿಂದ ಹಿಡಿಯಲಾರದು. ಸ್ಟ್ಯಾಂಡರ್ಡ್ ಡಿವಿಯೇಶನ್ ಎಲ್ಲಿಂದ ತೆಗೆದುಕೊಂಡಿರಿ ಎಂಬುದನ್ನು ಸಿನಾಪ್ಸಿಸ್‌ನಲ್ಲಿ ಹೇಳಲೇಬೇಕು. ನಿಮ್ಮ ರೋಗಿಗಳನ್ನೇ ಹೋಲುವ, ಅದೇ ಅಳತೆ ಬಳಸಿದ ಪ್ರಕಟಿತ ಅಧ್ಯಯನದಿಂದ ತೆಗೆದುಕೊಳ್ಳಿ.

ಈಗ ಒಪಿಡಿ ರಿಜಿಸ್ಟರ್ ತೆರೆಯಿರಿ. ಕಳೆದ ಒಂದು ವರ್ಷದಲ್ಲಿ ಆ ರೋಗದ ಹೊಸ ರೋಗಿಗಳು ಎಷ್ಟು ಎಂದು ತಿಂಗಳುವಾರು ಎಣಿಸಿ. ತಿಂಗಳಿಗೆ 30 ಎಂದುಕೊಳ್ಳೋಣ. ವಯಸ್ಸು, ಎಕ್ಸ್‌ರೇ ದರ್ಜೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಸೇವನೆ ಇತ್ಯಾದಿ ಜರಡಿಗಳನ್ನು ದಾಟಿ 10 ಜನ ಉಳಿಯಬಹುದು. ಅದರಲ್ಲಿ ಅರ್ಧದಷ್ಟು ಜನ ಒಪ್ಪಬಹುದು. ತಿಂಗಳಿಗೆ ಐವರಂತೆ 110 ಜನರಿಗೆ 22 ತಿಂಗಳು ಬೇಕು, ಆದರೆ ಮೂರು ವರ್ಷದ ಪದವಿಯಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲು ನಿಮಗೆ ನಿಜವಾಗಿ ಸಿಗುವುದು ಸುಮಾರು 15 ತಿಂಗಳು. ಅಮೆರಿಕದ ಔಷಧ ವಿಜ್ಞಾನಿ ಲೂಯಿ ಲಸಾನ್ಯ ಅವರ ಹೆಸರಿನಲ್ಲೇ ಒಂದು ಮಾತು ಚಾಲ್ತಿಯಲ್ಲಿದೆ: ಅಧ್ಯಯನ ಶುರುವಾದ ದಿನದಿಂದ ಆ ರೋಗದವರು ಕಾಣೆಯಾಗುತ್ತಾರೆ, ಅದು ಮುಗಿದ ಮಾರನೆಯ ದಿನ ಮತ್ತೆ ಬರುತ್ತಾರೆ. ಒಪಿಡಿಯಲ್ಲಿ ಕೂತವರಿಗೆಲ್ಲ ಇದು ತಮಾಷೆಯಲ್ಲವೆಂದು ಗೊತ್ತು.

ಲೆಕ್ಕ ಹೊಂದದಿದ್ದರೆ ಲೆಕ್ಕವನ್ನು ತಿದ್ದಬೇಡಿ, ಪ್ರಶ್ನೆಯನ್ನು ಬದಲಿಸಿ. ಹೆಚ್ಚು ರೋಗಿಗಳು ಬರುವ ಸಮಸ್ಯೆಯನ್ನು ಆರಿಸಿಕೊಳ್ಳಬಹುದು, ಜರಡಿಯ ಅನಗತ್ಯ ನಿಯಮಗಳನ್ನು ಸಡಿಲಿಸಬಹುದು, ಅಥವಾ ಇದು ಪೈಲಟ್ ಅಧ್ಯಯನ (ಚಿಕ್ಕ ಪೂರ್ವಪ್ರಯೋಗ) ಎಂದು ಶೀರ್ಷಿಕೆಯಲ್ಲೇ ಒಪ್ಪಿಕೊಂಡು ಎಷ್ಟು ಜನ ಸೇರಿದರು, ಎಷ್ಟು ಜನ ಕೊನೆಯವರೆಗೆ ಉಳಿದರು ಎಂಬುದನ್ನೇ ಮುಖ್ಯ ಫಲಿತಾಂಶವಾಗಿ ಇಡಬಹುದು. ನನ್ನ ಅಭಿಪ್ರಾಯದಲ್ಲಿ, ಪ್ರಾಮಾಣಿಕವಾದ ಪೈಲಟ್ ಅಧ್ಯಯನ ಗುಂಪಿಗೆ 15 ಜನರ “ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್”ಗಿಂತ ಎಷ್ಟೋ ಮೇಲು.

ಹಂತ 5: ಔಷಧವನ್ನು ಗುರುತಿಸಿ, ಪರೀಕ್ಷಿಸಿ, ಒಟ್ಟಿಗೆ ತಯಾರಿಸುವುದು

ಗ್ರಂಥದಲ್ಲಿರುವ ಹೆಸರು ಸಾಕಾಗುವುದಿಲ್ಲ. ರಾಸ್ನಾ ಎಂದು ಉತ್ತರ ಭಾರತದಲ್ಲಿ ಬಳಸುವುದು ಪ್ಲೂಷಿಯಾ ಲ್ಯಾನ್ಸಿಯೊಲೇಟಾ, ದಕ್ಷಿಣದಲ್ಲಿ ಹೆಚ್ಚಾಗಿ ಅಲ್ಪೀನಿಯಾ ಗಲಂಗಾದ ಗಡ್ಡೆ. ಬ್ರಾಹ್ಮಿ ಎಂದರೆ ಬಕೋಪಾ ಮೊನಿಯೇರಿಯೋ, ನಮ್ಮ ಮನೆಗಳ ಒಂದೆಲಗವಾದ ಸೆಂಟೆಲ್ಲಾ ಏಷಿಯಾಟಿಕಾವೋ ಎಂಬ ಗೊಂದಲ ಇನ್ನೂ ಅಂಗಡಿಗಳಲ್ಲಿದೆ. ಆದ್ದರಿಂದ ಸಸ್ಯದ ವೈಜ್ಞಾನಿಕ ಹೆಸರು, ಬಳಸಿದ ಭಾಗ, ತಂದ ಊರು, ತಂದ ತಿಂಗಳು ದಾಖಲಾಗಬೇಕು. ದ್ರವ್ಯಗುಣ (ಆಯುರ್ವೇದದ ಔಷಧ ದ್ರವ್ಯಗಳ ಶಾಸ್ತ್ರ) ವಿಭಾಗದವರಿಂದಲೋ, ಹರ್ಬೇರಿಯಂ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹ) ಇರುವ ಸಂಸ್ಥೆಯಿಂದಲೋ ಗುರುತಿನ ಪ್ರಮಾಣಪತ್ರ ಪಡೆದು, ಮಾದರಿಯನ್ನು ಸಂಖ್ಯೆ ಹಾಕಿ ಕಾಲೇಜಿನಲ್ಲೇ ಇಡಿಸಿ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಸಂಸ್ಥೆಯ ಹರ್ಬೇರಿಯಂ ಔಷಧಿ ಸಸ್ಯಗಳಿಗೇ ಮೀಸಲಾದದ್ದು.

ಪ್ರಮಾಣದ ಲೆಕ್ಕವೂ ಮೊದಲೇ ಆಗಲಿ. ಚೂರ್ಣ 3 ಗ್ರಾಂ ದಿನಕ್ಕೆ ಎರಡು ಬಾರಿ, 60 ದಿನ ಎಂದರೆ ಒಬ್ಬರಿಗೆ 360 ಗ್ರಾಂ. 55 ಜನರಿಗೆ 19.8 ಕೆಜಿ. ಪರೀಕ್ಷೆಗೆ, ಚೆಲ್ಲಿಹೋಗುವುದಕ್ಕೆ ಶೇ. 10 ಸೇರಿಸಿದರೆ ಸುಮಾರು 22 ಕೆಜಿ. ಇದಿಷ್ಟೂ ಒಂದೇ ಬ್ಯಾಚಿನಲ್ಲಿ ತಯಾರಾಗಬೇಕು, ಕೊನೆಯ ರೋಗಿಯ ಕೊನೆಯ ಡೋಸಿನವರೆಗೂ ಅದರ ಬಳಕೆಯ ಅವಧಿ ಉಳಿದಿರಬೇಕು. ಅಷ್ಟು ದಿನ ಬಾರದಿದ್ದರೆ ಎರಡು ಬ್ಯಾಚು ಮಾಡುವುದಾಗಿ ಪ್ರೋಟೋಕಾಲ್‌ನಲ್ಲೇ ಬರೆದು ಎರಡನ್ನೂ ಪರೀಕ್ಷೆಗೆ ಕಳುಹಿಸಿ. ಔಷಧ ಮುಗಿಯಿತೆಂದು ಊರಿನ ಗ್ರಂಥಿಗೆ ಅಂಗಡಿಯಿಂದ ಅದೇ ಹೆಸರಿನ ಚೂರ್ಣ ತಂದು ಮುಂದುವರಿಸಿದರೆ ನೀವು ಪರೀಕ್ಷಿಸಿದ್ದು ಯಾವುದನ್ನು ಎಂಬುದಕ್ಕೆ ಉತ್ತರ ಇರುವುದಿಲ್ಲ.

ಪ್ರಯೋಗಾಲಯದ ವರದಿಯಲ್ಲಿ ಭಾರಲೋಹಗಳ ಮಿತಿಯನ್ನು ಸ್ವತಃ ಹೋಲಿಸಿ ನೋಡಿ: ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ). ಸೂಕ್ಷ್ಮಜೀವಿ ಮತ್ತು ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರುವ ವಿಷ) ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಮೊದಲ ಅನುಸೂಚಿಯ ಗ್ರಂಥಗಳಲ್ಲಿರುವ ಯೋಗವನ್ನು ಅದೇ ವಿಧಾನ, ಅದೇ ಪ್ರಮಾಣದಲ್ಲಿ ಬಳಸುವುದು ಒಂದು ದಾರಿ. ಗಿಡದಿಂದ ಶುದ್ಧೀಕರಿಸಿದ ಅಂಶವನ್ನು ಫೈಟೋಫಾರ್ಮಾಸ್ಯುಟಿಕಲ್ ಎಂದು ಪರೀಕ್ಷಿಸಲು ಹೊರಟರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು, ಎಂ.ಡಿ. ವಿದ್ಯಾರ್ಥಿಗೆ ಆ ದಾರಿ ಬೇಡ.

ಹಂತ 6: ಅಳತೆಗೋಲು

ಮುಖ್ಯ ಫಲಿತಾಂಶ ಒಂದೇ ಇರಲಿ. ಶೂಲ (ನೋವು), ಶೋಥ (ಬಾವು), ಸ್ತಂಭ (ಬಿಗಿತ), ಆಟೋಪ (ಕೀಲಿನ ಸದ್ದು) ಎಂದು ಎಂಟು ಲಕ್ಷಣಗಳಿಗೆ 0ಯಿಂದ 3ರವರೆಗೆ ಅಂಕ ಕೊಟ್ಟು, ಎಲ್ಲಕ್ಕೂ ಪ್ರತ್ಯೇಕ ಪಿ ಮೌಲ್ಯ (ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ) ತೆಗೆದರೆ ಯಾವುದಾದರೊಂದು ಆಕಸ್ಮಿಕವಾಗಿ ಗೆಲ್ಲುವ ಸಾಧ್ಯತೆ ಹೆಚ್ಚುತ್ತದೆ. ಶಾಸ್ತ್ರದ ಲಕ್ಷಣಗಳು ದ್ವಿತೀಯಕ ಫಲಿತಾಂಶಗಳಾಗಿ ಇರಲಿ, ಪ್ರತಿ ಅಂಕಕ್ಕೂ ಏನರ್ಥ ಎಂಬುದನ್ನು ಮೊದಲೇ ಬರೆದಿಡಿ. ಸಿದ್ಧ ಪ್ರಶ್ನಾವಳಿ ಬಳಸುವಾಗ ಪರವಾನಗಿ ಬೇಕೇ ಎಂದು ವಿಚಾರಿಸಿ. ಮಂಡಿನೋವಿಗೆ ಎಲ್ಲರೂ ಬಳಸುವ 24 ಪ್ರಶ್ನೆಗಳ ವೊಮ್ಯಾಕ್ ಹಕ್ಕುಸ್ವಾಮ್ಯ ಉಳ್ಳದ್ದು. ಇಂಗ್ಲಿಷ್ ಪ್ರಶ್ನೆಯನ್ನು ಒಪಿಡಿಯಲ್ಲಿ ಅವತ್ತಿನ ಬಾಯಿಗೆ ಬಂದಂತೆ ಕನ್ನಡಕ್ಕೆ ತಿರುಗಿಸಿ ಕೇಳುವುದು ಅಳತೆಯಾಗುವುದಿಲ್ಲ, ಏಕೆಂದರೆ ಸೋಮವಾರ ಕೇಳಿದ ಪ್ರಶ್ನೆ ಗುರುವಾರ ಬೇರೆಯಾಗಿರುತ್ತದೆ.

ಹಂತ 7: ಸಿನಾಪ್ಸಿಸ್

ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ನಮೂನೆಯಲ್ಲಿ ಅಧ್ಯಯನದ ಅಗತ್ಯ, ಸಾಹಿತ್ಯ ಪರಿಶೀಲನೆ, ಉದ್ದೇಶಗಳು, ಮಾಹಿತಿಯ ಮೂಲ, ಮಾಹಿತಿ ಸಂಗ್ರಹದ ವಿಧಾನ, ರೋಗಿಗಳ ಮೇಲೆ ಪರೀಕ್ಷೆಗಳು ಬೇಕೇ, ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕಿದೆಯೇ ಎಂಬ ಕಲಂಗಳಿವೆ. ಈ ನಮೂನೆಯನ್ನು ಕೊನೆಯಲ್ಲಿ ತುಂಬಿ. ಮೊದಲು ಸ್ಪಿರಿಟ್ ಪಟ್ಟಿಯಂತೆ ಪೂರ್ಣ ಪ್ರೋಟೋಕಾಲ್ ಬರೆದು, ಅದರಿಂದ ಸಂಕ್ಷೇಪಿಸಿ ನಮೂನೆಗೆ ಇಳಿಸಬೇಕು. ನಮೂನೆಯನ್ನೇ ಪ್ರೋಟೋಕಾಲ್ ಎಂದುಕೊಂಡವರಿಗೆ ಆಮೇಲೆ ಎಥಿಕ್ಸ್ ಕಮಿಟಿಯ ಪ್ರಶ್ನೆಗಳಿಗೂ ಸಿಟಿಆರ್‌ಐಯ ಕಲಂಗಳಿಗೂ ಉತ್ತರ ಹುಡುಕುವುದೇ ಕೆಲಸವಾಗುತ್ತದೆ.

2016ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಎಥಿಕ್ಸ್ ಅನುಮತಿಯೊಂದಿಗೆ ಸಿನಾಪ್ಸಿಸ್ ಸಲ್ಲಿಸಲು ಪ್ರವೇಶದಿಂದ ಆರು ತಿಂಗಳ ಗಡುವು ಇತ್ತು. ನಿಮ್ಮ ಬ್ಯಾಚಿಗೆ ಯಾವ ನಿಯಮ, ಯಾವ ದಿನಾಂಕ ಎಂಬುದನ್ನು ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೇ ನೋಡಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಸಾಮಾನ್ಯವಾಗಿ ಮೊದಲ ಎರಡು ತಿಂಗಳು ಪ್ರಶ್ನೆ ಮತ್ತು ಲೆಕ್ಕಕ್ಕೆ, ಮುಂದಿನ ಒಂದೂವರೆ ತಿಂಗಳು ಪ್ರೋಟೋಕಾಲ್‌ಗೆ, ಉಳಿದದ್ದು ಎಥಿಕ್ಸ್ ಕಮಿಟಿಗೆ ಎಂದು ಹಂಚಿಕೊಂಡರೆ ಕೊನೆಯ ವಾರದ ಪರದಾಟ ತಪ್ಪುತ್ತದೆ.

ಹಂತ 8: ಎಥಿಕ್ಸ್ ಕಮಿಟಿ, ಅದರ ಬಳಿಕ ಸಿಟಿಆರ್‌ಐ, ಅದರ ಬಳಿಕವೇ ಮೊದಲ ರೋಗಿ

ಈ ಮೂರರ ಕ್ರಮ ಯಾವ ಕಾರಣಕ್ಕೂ ಬದಲಾಗಬಾರದು. ಎಥಿಕ್ಸ್ ಕಮಿಟಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸದಸ್ಯರಲ್ಲಿ ಕಾನೂನು ತಿಳಿದವರೂ ಸಾಮಾನ್ಯ ಜನರ ಪ್ರತಿನಿಧಿಯೂ ಇರಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಬಂದ ಮೇಲೆ ಇಂಥ ಸಂಶೋಧನೆ ಪರಿಶೀಲಿಸುವ ಕಮಿಟಿಗಳು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಾಯಿತವಾಗಿರಬೇಕು. ನಿಮ್ಮ ಕಾಲೇಜಿನ ಕಮಿಟಿಯ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಲು ಹಿಂಜರಿಯಬೇಡಿ. ಸಭೆಯೇ ನಡೆಯದೆ, ಐವತ್ತು ಪ್ರೋಟೋಕಾಲ್‌ಗಳಿಗೆ ಒಂದೇ ದಿನಾಂಕದ, ಒಂದೇ ಒಕ್ಕಣೆಯ ಪತ್ರ ಸಿಕ್ಕರೆ ಅದು ಸಂತೋಷಪಡುವ ಸಂಗತಿಯಲ್ಲ; ಒಳ್ಳೆಯ ಜರ್ನಲ್ ಆ ಪತ್ರದ ಬಗ್ಗೆ ಮುಂದೆ ಕೇಳುತ್ತದೆ.

ಕಮಿಟಿಗೆ ಕೊಡುವ ಕಡತದಲ್ಲಿ ಪ್ರೋಟೋಕಾಲ್, ಕೇಸ್ ರೆಕಾರ್ಡ್ ಫಾರ್ಮ್, ಕನ್ನಡ ಮತ್ತು ಇಂಗ್ಲಿಷ್ ಮಾಹಿತಿ ಪತ್ರ ಹಾಗೂ ಒಪ್ಪಿಗೆ ಪತ್ರ, ಔಷಧದ ವರದಿ, ಖರ್ಚಿನ ವಿವರ ಇರಬೇಕು. ಖರ್ಚಿನ ಕಲಂನಲ್ಲಿ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ಸಂಶೋಧನೆಗೆಂದೇ ಹೆಚ್ಚುವರಿಯಾಗಿ ಮಾಡಿಸುವ ಪರೀಕ್ಷೆಗೆ ರೋಗಿಯಿಂದ ಹಣ ಪಡೆಯಬಾರದೆಂಬುದು ಐಸಿಎಂಆರ್ ಮಾರ್ಗಸೂಚಿಯ ನಿಲುವು. ಹಾಗಾದರೆ 110 ಎಕ್ಸ್‌ರೇಗಳ ಖರ್ಚು ಆಸ್ಪತ್ರೆಯದೋ, ಅನುದಾನದ್ದೋ, ನಿಮ್ಮದೋ ಎಂಬುದು ಬರಹದಲ್ಲಿರಬೇಕು. ಸಿಸಿಆರ್‌ಎಎಸ್‌ನ ಪಿಜಿ-ಸ್ಟಾರ್ ಯೋಜನೆಯಂಥ ಸಹಾಯಕ್ಕೆ ಅರ್ಜಿ ಹಾಕುವುದಿದ್ದರೆ ಇದೇ ಸಮಯ.

ಸಿಟಿಆರ್‌ಐ 2007ರಿಂದ ಇದೆ, ನೋಂದಣಿ ಉಚಿತ, ಸ್ನಾತಕೋತ್ತರ ಪ್ರಬಂಧಗಳನ್ನೂ ನೋಂದಾಯಿಸಬಹುದು. 2018ರ ಏಪ್ರಿಲ್ 1ರಿಂದ ಅದು ಇನ್ನೂ ರೋಗಿಗಳನ್ನು ಸೇರಿಸಿಕೊಳ್ಳದ ಅಧ್ಯಯನಗಳನ್ನು ಮಾತ್ರ ಸ್ವೀಕರಿಸುತ್ತದೆ. ಅರ್ಜಿ ತುಂಬಿದ ಕೂಡಲೇ ‘ಆರ್‌ಇಎಫ್’ ಎಂದು ಶುರುವಾಗುವ ಒಂದು ಸಂಖ್ಯೆ ಬರುತ್ತದೆ. ಇದು ಸ್ವೀಕೃತಿ ಸಂಖ್ಯೆ ಮಾತ್ರ, ನೋಂದಣಿಯಲ್ಲ. ಇದನ್ನೇ ನೋಂದಣಿ ಎಂದು ತಿಳಿದು ಮಾರನೆಯ ದಿನ ರೋಗಿಯನ್ನು ಸೇರಿಸಿಕೊಳ್ಳುವುದು ಈ ಇಡೀ ಪ್ರಕ್ರಿಯೆಯ ಅತಿ ದುಬಾರಿ ತಪ್ಪು. ತಾಣದವರು ಪರಿಶೀಲಿಸಿ ಪ್ರಶ್ನೆಗಳನ್ನು ಕಳುಹಿಸುತ್ತಾರೆ, ನೀವು ತಿದ್ದಿ ವಾಪಸ್ ಕಳುಹಿಸಬೇಕು, ಕೆಲವೊಮ್ಮೆ ಇದು ಹಲವು ಸುತ್ತು ನಡೆಯುತ್ತದೆ. ‘ಸಿಟಿಆರ್‌ಐ’ ಎಂದು ಶುರುವಾಗಿ ವರ್ಷ, ತಿಂಗಳು, ಆರಂಕಿ ಇರುವ ಸಂಖ್ಯೆ ಬಂದ ಮೇಲೆಯೇ ಒಪಿಡಿಯಲ್ಲಿ ಕೆಲಸ ಶುರು. ಅರ್ಜಿಯಲ್ಲಿ ಬರೆದ ರೋಗಿಗಳ ಸಂಖ್ಯೆ, ಫಲಿತಾಂಶ, ಅವಧಿ ಸಿನಾಪ್ಸಿಸ್‌ನೊಂದಿಗೆ ಅಕ್ಷರಶಃ ಹೊಂದಬೇಕು.

ಹಂತ 9: ಒಪ್ಪಿಗೆ ಮತ್ತು ಹಂಚಿಕೆ

ಮಾಹಿತಿ ಪತ್ರದ ಕನ್ನಡವನ್ನು ಎಂದೂ ಕಾಲೇಜಿಗೆ ಬಾರದವರೊಬ್ಬರಿಗೆ ಓದಿಸಿ ನೋಡಿ. “ಯಾದೃಚ್ಛಿಕ ವಿತರಣಾ ಪದ್ಧತಿಯ ಮೂಲಕ ತಾವು ಗುಂಪೊಂದಕ್ಕೆ ನಿಯೋಜಿಸಲ್ಪಡುವಿರಿ” ಎಂಬುದು ಯಾರಿಗೂ ತಿಳಿಯದು. “ನಿಮಗೆ ಎರಡರಲ್ಲಿ ಯಾವ ಚಿಕಿತ್ಸೆ ಎಂಬುದನ್ನು ನಾನಾಗಲಿ ನೀವಾಗಲಿ ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಅದು ತೀರ್ಮಾನವಾಗುತ್ತದೆ. ನಡುವೆ ಬೇಡವೆನಿಸಿದರೆ ಬಿಡಬಹುದು, ಬಿಟ್ಟರೂ ಈ ಆಸ್ಪತ್ರೆಯಲ್ಲಿ ನಿಮಗೆ ಎಂದಿನಂತೆ ಚಿಕಿತ್ಸೆ ಸಿಗುತ್ತದೆ” ಎಂದರೆ ತಿಳಿಯುತ್ತದೆ. ಹೇಳಿಯಾದ ಮೇಲೆ, “ಅಮ್ಮಾ, ಈಗ ನಾನು ಹೇಳಿದ್ದನ್ನು ನೀವೇ ಒಂದ್ಸಲ ಹೇಳಿ ನೋಡೋಣ” ಎಂದು ಕೇಳಿ. “ನೀವು ಡಾಕ್ಟ್ರು, ಎಲ್ಲಿ ಅಂದ್ರೆ ಅಲ್ಲಿ ಸಹಿ ಹಾಕ್ತೀನಿ” ಎಂಬ ಉತ್ತರ ಬಂದರೆ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಓದು ಬಾರದವರ ವಿಷಯದಲ್ಲಿ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಜೊತೆಗಿದ್ದು ಸಹಿ ಮಾಡಬೇಕು. ಕರಾವಳಿಯಲ್ಲಿ ತುಳು, ಕೊಂಕಣಿ, ಬೇರೆಡೆ ಉರ್ದು, ಮರಾಠಿ ಮನೆಮಾತಿನವರು ಬರುವ ಆಸ್ಪತ್ರೆಯಾದರೆ ಅದಕ್ಕೂ ಮೊದಲೇ ವ್ಯವಸ್ಥೆ ಮಾಡಿ.

ಒಪಿಡಿ ಸಂಖ್ಯೆ ಸಮವಾದರೆ ಒಂದು ಗುಂಪು, ಬೆಸವಾದರೆ ಇನ್ನೊಂದು ಎಂಬುದು ರ‍್ಯಾಂಡಮೈಸೇಶನ್ (ಚೀಟಿ ಎತ್ತಿದಂತೆ ಗುಂಪು ಹಂಚುವುದು) ಅಲ್ಲ. ಮುಂದಿನವರು ಯಾವ ಗುಂಪಿಗೆ ಎಂದು ನಿಮಗೆ ಮೊದಲೇ ಗೊತ್ತಿರುವುದರಿಂದ ಆಯ್ಕೆಯಲ್ಲಿ ಕೈ ತಾನಾಗಿಯೇ ವಾಲುತ್ತದೆ. ಗಣಕದಿಂದ ಪಟ್ಟಿ ತೆಗೆಸಿ, ಬೇರೊಬ್ಬರ ಕೈಯಲ್ಲಿ ಲಕೋಟೆಗಳನ್ನು ಸಿದ್ಧಪಡಿಸಿ. ಲಕೋಟೆಯೊಳಗಿನ ಚೀಟಿ ಟ್ಯೂಬ್‌ಲೈಟಿಗೆ ಹಿಡಿದರೂ ಕಾಣದಂತೆ ಒಳಗೊಂದು ಅಲ್ಯೂಮಿನಿಯಂ ಹಾಳೆ ಮಡಿಸಿಡಿ, ಹೊರಗೆ ಕ್ರಮಸಂಖ್ಯೆ ಹಾಕಿ, ರೋಗಿಯ ಹೆಸರು ಮತ್ತು ದಿನಾಂಕ ಬರೆದ ಮೇಲೆಯೇ ಒಡೆಯಿರಿ. ಕಷಾಯದ ರುಚಿಯನ್ನು ಹೋಲುವ ಹುಸಿ ಔಷಧ ಮಾಡುವುದು ಕಷ್ಟ, ಬಸ್ತಿ ಮಾಡಿಸಿಕೊಂಡವರಿಗೆ ಅದು ತಿಳಿಯದಂತೆ ಮಾಡುವುದು ಅಸಾಧ್ಯ. ಆದರೆ 60ನೇ ದಿನ ಅಳತೆ ತೆಗೆಯುವವರಿಗೆ ಗುಂಪು ತಿಳಿಯದಂತೆ ನೋಡಿಕೊಳ್ಳಬಹುದು. ಸಹಪಾಠಿಗಳು ಪರಸ್ಪರರ ರೋಗಿಗಳನ್ನು ಅಳೆದುಕೊಟ್ಟರೆ ಖರ್ಚಿಲ್ಲದೆ ಇದು ಆಗುತ್ತದೆ.

ಹಂತ 10: ರೋಗಿಗಳನ್ನು ಉಳಿಸಿಕೊಳ್ಳುವುದು, ಅಡ್ಡಪರಿಣಾಮ ದಾಖಲಿಸುವುದು

ಮುಂಗಾರು ಬಿತ್ತನೆ, ಸುಗ್ಗಿ, ಊರ ಜಾತ್ರೆ, ಮದುವೆಯ ತಿಂಗಳುಗಳಲ್ಲಿ ಹಳ್ಳಿಯವರು ಫಾಲೋಅಪ್‌ಗೆ ಬರುವುದಿಲ್ಲ. ಆ ವಾರಗಳಲ್ಲಿ ಕೊನೆಯ ಅಳತೆ ಬೀಳದಂತೆ ನೋಡಿಕೊಳ್ಳಿ, ಪ್ರತಿಯೊಬ್ಬರಿಂದ ಎರಡು ಫೋನ್ ನಂಬರ್ ಪಡೆಯಿರಿ. ಬಸ್ ಚಾರ್ಜ್ ಕೊಡುವುದಿದ್ದರೆ ಅದು ಎಥಿಕ್ಸ್ ಕಡತದಲ್ಲಿ ಮೊದಲೇ ಇರಬೇಕು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಈ ಅಡ್ಡಿ ಕಡಿಮೆಯಾಗಿದೆ, ಗಂಡಸರದ್ದು ಹಾಗೆಯೇ ಇದೆ.

ನೈಸರ್ಗಿಕ ಔಷಧಕ್ಕೆ ಅಡ್ಡಪರಿಣಾಮವಿಲ್ಲ ಎಂಬ ಸಾಲು ಪ್ರಬಂಧದಲ್ಲಿ ಕಂಡರೆ ಪರೀಕ್ಷಕರು ನಿಲ್ಲಬೇಕಾದ ಜಾಗ ಅದೇ. ಯಷ್ಟಿಮಧುವನ್ನು (ಜ್ಯೇಷ್ಠಮಧು) ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ಕೊಟ್ಟರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರಬಹುದು. ಅಶ್ವಗಂಧ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಪ್ರತಿ ಭೇಟಿಯಲ್ಲಿ “ಏನಾದರೂ ತೊಂದರೆ ಆಯಿತೇ” ಎಂದು ಕೇಳಿ, ಇಲ್ಲವೆಂದರೂ ‘ಇಲ್ಲ’ ಎಂದು ಬರೆಯಿರಿ. ಖಾಲಿ ಬಿಟ್ಟ ಕಲಂ ಮತ್ತು ‘ಇಲ್ಲ’ ಎಂಬ ಉತ್ತರ ಒಂದೇ ಅಲ್ಲ. ರೋಗಿ ಬೇರೆ ಕಡೆಯಿಂದ ತೆಗೆದುಕೊಳ್ಳುತ್ತಿರುವ ಸಕ್ಕರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆಗಳ ಹೆಸರನ್ನು ಪಟ್ಟಿಯನ್ನೇ ನೋಡಿ ಬರೆದುಕೊಳ್ಳಿ. ಆಸ್ಪತ್ರೆಗೆ ದಾಖಲಾಗುವಂಥ ಗಂಭೀರ ಘಟನೆಯಾದರೆ 24 ಗಂಟೆಯೊಳಗೆ ಎಥಿಕ್ಸ್ ಕಮಿಟಿಗೆ ತಿಳಿಸಿ. ಔಷಧದ ಸಂಬಂಧ ಸಾಬೀತಾಗುವವರೆಗೆ ಕಾಯಬಾರದು. ಆಯುಷ್ ಔಷಧಗಳ ಅಡ್ಡಪರಿಣಾಮ ವರದಿಗೆ ಪ್ರತ್ಯೇಕ ವ್ಯವಸ್ಥೆಯಿದ್ದು, ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ.

ಹಂತ 11: ವಿಶ್ಲೇಷಣೆ

ಎರಡೂ ಗುಂಪಿನಲ್ಲಿ ಚಿಕಿತ್ಸೆಗೆ ಮುಂಚೆ ಮತ್ತು ನಂತರದ ಅಂಕಗಳನ್ನು ಪ್ರತ್ಯೇಕವಾಗಿ ಹೋಲಿಸಿ, ಎರಡಕ್ಕೂ ಪಿ ಮೌಲ್ಯ 0.001ಕ್ಕಿಂತ ಕಡಿಮೆ ಬಂತೆಂದು ಬರೆದು ಮುಗಿಸುವ ಪ್ರಬಂಧಗಳೇ ಹೆಚ್ಚು. ನಿಮ್ಮ ಪ್ರಶ್ನೆ ಗುಂಪುಗಳ ನಡುವಿನ ವ್ಯತ್ಯಾಸದ್ದು, ಉತ್ತರವೂ ಅದರದ್ದೇ ಆಗಿರಬೇಕು: ವ್ಯತ್ಯಾಸ ಎಷ್ಟು ಮಿಲಿಮೀಟರ್, ಅದರ ಶೇ. 95 ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಎಷ್ಟು. 0ಯಿಂದ 3ರ ಅಂಕಗಳಿಗೆ ಟಿ-ಟೆಸ್ಟ್ ಬದಲು ಮ್ಯಾನ್–ವಿಟ್ನಿಯಂಥ ಪರೀಕ್ಷೆ ಸೂಕ್ತ. ನಡುವೆ ಬಿಟ್ಟವರನ್ನು ಲೆಕ್ಕದಿಂದ ಅಳಿಸಬೇಡಿ, ಸೇರಿದ ಗುಂಪಿನಲ್ಲೇ ಇಟ್ಟು ವಿಶ್ಲೇಷಿಸಿ. ಸಂಖ್ಯಾಶಾಸ್ತ್ರಜ್ಞರನ್ನು ಕಾಣಬೇಕಾದದ್ದು ನಾಲ್ಕನೇ ಹಂತದಲ್ಲಿ. ಎಲ್ಲ ಮುಗಿದ ಮೇಲೆ ಎಕ್ಸೆಲ್ ಹಾಳೆ ಕಳುಹಿಸಿ “ಸರ್, ಸಿಗ್ನಿಫಿಕೆಂಟ್ ಬರೋ ಹಾಗೆ ಮಾಡಿಕೊಡಿ” ಎಂದು ಹಣ ಕೊಡುವವರ ಪ್ರಬಂಧದಲ್ಲಿ ಮುಂದೆ ಯಾವ ಅಂಕಿಯನ್ನೂ ನಂಬಲಾಗುವುದಿಲ್ಲ.

ವ್ಯತ್ಯಾಸ ಕಾಣದಿದ್ದರೆ ಹಾಗೆಂದೇ ಬರೆಯಿರಿ. ಅದರಿಂದ ಪದವಿ ನಿಲ್ಲುವುದಿಲ್ಲ.

ಹಂತ 12: ಬರವಣಿಗೆ ಮತ್ತು ಸಲ್ಲಿಕೆ

2016ರ ನಿಯಮಾವಳಿ ಪ್ರಬಂಧಕ್ಕೆ ಕನಿಷ್ಠ 40,000 ಪದಗಳನ್ನೂ, ಅಂತಿಮ ಪರೀಕ್ಷೆಗೆ ನಾಲ್ಕು ತಿಂಗಳು ಮೊದಲು ಸಲ್ಲಿಕೆಯನ್ನೂ ಹೇಳಿತ್ತು. ಪದಸಂಖ್ಯೆ ತುಂಬಿಸಲು ಶರೀರ ರಚನೆ, ನಿರುಕ್ತಿ, ಪರ್ಯಾಯ ನಾಮಗಳನ್ನು ಹಿಂದಿನ ಪ್ರಬಂಧಗಳಿಂದ ಎತ್ತಿ ಅಂಟಿಸಿದರೆ ಸಾಮ್ಯತೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಸಾಮ್ಯತೆಗೆ ಮಾತ್ರ ದಂಡವಿಲ್ಲ. ವಿಧಾನದ ಅಧ್ಯಾಯವನ್ನು ಪ್ರೋಟೋಕಾಲ್ ಮುಗಿದ ವಾರವೇ ಬರೆದಿಡಿ, ಸಾಹಿತ್ಯ ಪರಿಶೀಲನೆಯನ್ನು ರೋಗಿಗಳು ಬರುತ್ತಿರುವ ತಿಂಗಳುಗಳಲ್ಲಿ ಮುಗಿಸಿ, ಕೊನೆಗೆ ಉಳಿಯಬೇಕಾದದ್ದು ಫಲಿತಾಂಶ ಮತ್ತು ಚರ್ಚೆ. ಕನ್ಸಾರ್ಟ್ ಹರಿವಿನ ಚಿತ್ರದಲ್ಲಿ ಒಪಿಡಿಯಲ್ಲಿ ನೋಡಿದವರು, ಅರ್ಹರಾದವರು, ಒಪ್ಪದವರು, ಬಿಟ್ಟವರು ಎಲ್ಲರ ಸಂಖ್ಯೆ ಕೂಡಿಕೊಂಡು ಬರಬೇಕು. ಮೊದಲ ದಿನದಿಂದ ಜರಡಿ ರಿಜಿಸ್ಟರ್ ಇಟ್ಟವರಿಗೆ ಮಾತ್ರ ಇದು ಸಾಧ್ಯ.

ಸಲ್ಲಿಸಿದ ಮೇಲೆ ಸಿಟಿಆರ್‌ಐ ದಾಖಲೆಗೆ ಹೋಗಿ ಅಧ್ಯಯನ ಮುಗಿದ ದಿನಾಂಕ ಮತ್ತು ನಿಜವಾಗಿ ಸೇರಿದವರ ಸಂಖ್ಯೆಯನ್ನು ನವೀಕರಿಸಿ. ಸಹಿ ಇರುವ ಮೂಲ ಒಪ್ಪಿಗೆ ಪತ್ರಗಳು ಮತ್ತು ಕೇಸ್ ಫಾರ್ಮ್‌ಗಳನ್ನು ಹಾಸ್ಟೆಲ್ ಖಾಲಿ ಮಾಡುವಾಗ ಊರಿಗೆ ಒಯ್ಯಬೇಡಿ, ವಿಭಾಗದ ಬೀರುವಿಗೆ ಪಟ್ಟಿ ಸಮೇತ ಒಪ್ಪಿಸಿ ಸ್ವೀಕೃತಿಗೆ ಸಹಿ ಪಡೆಯಿರಿ. ಹೆಸರು ತೆಗೆದ ದತ್ತಾಂಶದ ಒಂದು ಪ್ರತಿ ಗೈಡ್ ಬಳಿ, ಒಂದು ನಿಮ್ಮ ಬಳಿ ಇದ್ದರೆ ಜರ್ನಲ್‌ನ ವಿಮರ್ಶಕರು ಎರಡು ವರ್ಷದ ನಂತರ ಕೇಳುವ ಪ್ರಶ್ನೆಗೂ ಉತ್ತರ ಕೊಡಬಹುದು.